ಸಣ್ಣ ಡುಯಾಥ್ಲಾನನ್ನು ತಾಲೀಮು ರೇಸ್ ಮಾಡಿಕೊಳ್ಳುವುದು: 5–20–2.5ಕ್ಕೆ ಪೇಸ್, ಟಿ1, ಟಿ2, ಆ ವಾರದ ಲೆಕ್ಕ

ಬೆಳಗಿನ_ಓಟ:
ಗುರಿ ಒಲಿಂಪಿಕ್ ದೂರದ ಟ್ರಯಾಥ್ಲಾನ್ (1.5 ಕಿ.ಮೀ. ಈಜು, 40 ಸೈಕಲ್, 10 ಓಟ). ಅದಕ್ಕೆ 4 ವಾರ ಮೊದಲು ಹತ್ತಿರದಲ್ಲೇ ಒಂದು ಸ್ಪ್ರಿಂಟ್ ಡುಯಾಥ್ಲಾನ್ ಬಿದ್ದಿದೆ: 5 ಕಿ.ಮೀ. ಓಟ, 20 ಸೈಕಲ್, 2.5 ಓಟ. ಡ್ರಾಫ್ಟಿಂಗ್‌ಗೆ (ಮುಂದಿನ ಸೈಕಲ್‌ನ ಹಿಂದೆಯೇ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದಕ್ಕೆ) ಅವಕಾಶ ಇಲ್ಲ. ಸ್ಥಾನದ ಆಸೆ ಇಲ್ಲ, ತಾಲೀಮಿನ ಭಾಗವಾಗಿ ಓಡುವುದಷ್ಟೇ. ಬರೀ 5 ಕಿ.ಮೀ. ಓಡಿದರೆ 25 ನಿಮಿಷ, ಎಫ್‌ಟಿಪಿ 220 ವ್ಯಾಟ್ (ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಗರಿಷ್ಠ ಪೆಡಲ್ ಶಕ್ತಿ), ತೂಕ 70 ಕೆ.ಜಿ. ಮೂರು ಪ್ರಶ್ನೆ: ತಾಲೀಮು ರೇಸ್ ಅಂದರೆ ಎಷ್ಟು ಜೋರಾಗಿ ಹೋಗಬೇಕು? ಆ ವಾರದ ಉಳಿದ ತಾಲೀಮು ಹೇಗಿರಬೇಕು? 20 ಕಿ.ಮೀ.ಗೆ ಸೈಕ್ಲಿಂಗ್ ಶೂ ಬದಲಿಸುವುದು ಲಾಭವೇ?

ಗೇರುಪೆಟ್ಟಿಗೆ:
ಮೊದಲನೆಯದಕ್ಕೆ ಉತ್ತರ: ಜೋರಾಗಿಯೇ ಹೋಗಿ. ‘ತಾಲೀಮು ರೇಸ್’ ಅಂದ ಕೂಡಲೇ ಶೇ. 80ರಲ್ಲಿ ಓಡಿ ಬರುವುದು ಅಂತ ಬಹಳ ಜನ ತಿಳಿದುಕೊಳ್ಳುತ್ತಾರೆ. ಹಾಗೆ ಓಡಿದರೆ ಅದು ದುಡ್ಡು ಕೊಟ್ಟು ಮಾಡಿದ ಟೆಂಪೊ ರನ್, ಅಷ್ಟೇ. ರೇಸ್‌ನ ಒತ್ತಡದಲ್ಲಿ ಪೇಸ್ ಹಿಡಿದುಕೊಳ್ಳುವುದನ್ನು ಒಬ್ಬರೇ ರಸ್ತೆಯಲ್ಲಿ ಕಲಿಯಲು ಬರುವುದಿಲ್ಲ, ಅದಕ್ಕೇ ರೇಸ್ ಬೇಕು. ಉಳಿತಾಯ ಮಾಡಬೇಕಾದದ್ದು ರೇಸ್‌ನ ಒಳಗಲ್ಲ, ಅದರ ಮುಂಚೆ ತಾಲೀಮು ಇಳಿಸುವ ಟೇಪರ್‌ನಲ್ಲಿ. ಮುಖ್ಯ ರೇಸ್‌ಗೆ 10–14 ದಿನ ಇಳಿಸುವವರು ಇದಕ್ಕೆ 2 ದಿನ ಇಳಿಸಿದರೆ ಸಾಕು. ಕಾಲಿನಲ್ಲಿ ಒಂದಿಷ್ಟು ದಣಿವು ಇಟ್ಟುಕೊಂಡೇ ಗೆರೆಗೆ ಬನ್ನಿ, ಗನ್ ಹೊಡೆದ ಮೇಲೆ ಯೋಜನೆ ಹೇಳಿದಷ್ಟು ಪೂರ್ತಿ ಹೋಗಿ.

ಇನ್ನೊಂದು ವಿಷಯ. ಈ ರೇಸ್‌ನಿಂದ ಏನು ಕಲಿಯಬೇಕು ಅಂತ ಎರಡೇ ಎರಡು ಅಂಶ ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ವಿಷಯದಲ್ಲಿ ನಾನು ಆರಿಸುವುದು (1) ಎರಡನೇ ಓಟ ಕುಸಿಯದಂತೆ ಸೈಕಲ್ ಹೊಡೆಯುವುದು, (2) ತಪ್ಪಿಲ್ಲದ ಟಿ1, ಟಿ2, ಅಂದರೆ ಓಟದಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಟ್ರಾನ್ಸಿಷನ್. ಹೊಸ ಶೂ, ಹೊಸ ಜೆಲ್, ಹೊಸ ಹ್ಯಾಂಡಲ್ ಪೊಸಿಷನ್ ಎಲ್ಲವನ್ನೂ ಒಂದೇ ರೇಸ್‌ನಲ್ಲಿ ಪರೀಕ್ಷೆಗಿಟ್ಟರೆ ಯಾವುದು ಕೈಕೊಟ್ಟಿತು ಅಂತ ಆಮೇಲೆ ಹೇಳಲಾಗುವುದಿಲ್ಲ.

ನಿಧಾನ_ಕಿಮೀ:
ಪೇಸ್‌ನ ಲೆಕ್ಕ ಹಾಕಿಬಿಡೋಣ, ನಿಮ್ಮ ಸಂಖ್ಯೆಗಳಲ್ಲೇ.

ಬರೀ 5 ಕಿ.ಮೀ. 25 ನಿಮಿಷ ಅಂದರೆ ಕಿ.ಮೀ.ಗೆ 5:00. ಡುಯಾಥ್ಲಾನ್‌ನ ಮೊದಲ ಓಟ ಅದಕ್ಕಿಂತ 10–15 ಸೆಕೆಂಡ್ ನಿಧಾನ ಇರಬೇಕು: 5:10–5:15. ಒಟ್ಟು ಸುಮಾರು 26 ನಿಮಿಷ. ಸೈಕಲ್ ಗಂಟೆಗೆ 30 ಕಿ.ಮೀ. ಹಿಡಿದರೆ 20 ಕಿ.ಮೀ.ಗೆ 40 ನಿಮಿಷ. ಕೊನೆಯ 2.5 ಕಿ.ಮೀ. 5:20ರಲ್ಲಿ ಓಡಿದರೆ 13:20. ಟಿ1ಗೆ 1:15, ಟಿ2ಗೆ 1:00. ಒಟ್ಟು 1 ಗಂಟೆ 21 ನಿಮಿಷ 35 ಸೆಕೆಂಡ್.

ಈಗ ಮೊದಲ ಓಟದಲ್ಲಿ ಎಲ್ಲರ ಜೊತೆ ನುಗ್ಗಿ ಕಿ.ಮೀ.ಗೆ 5 ಸೆಕೆಂಡ್ ಜಾಸ್ತಿ ಓಡಿದಿರಿ ಅಂದುಕೊಳ್ಳಿ. ಸಿಕ್ಕಿದ್ದು 25 ಸೆಕೆಂಡ್. ಅದರಿಂದ ತೊಡೆ ಸತ್ತು ಸೈಕಲ್‌ನಲ್ಲಿ ಗಂಟೆಗೆ 1 ಕಿ.ಮೀ. ಕಡಿಮೆಯಾದರೆ 20 ಕಿ.ಮೀ.ಗೆ 41:23 ಆಗುತ್ತದೆ. ಹೋದದ್ದು 83 ಸೆಕೆಂಡ್. ಎರಡನೇ ಓಟದ ನಷ್ಟ ಇನ್ನೂ ಸೇರಿಸಿಲ್ಲ.

ಡುಯಾಥ್ಲಾನ್‌ನಲ್ಲಿ ಹಾಳಾಗುವ ಜಾಗ ಮೊದಲ ಒಂದು ಕಿ.ಮೀ. ಕಾಲು ತಾಜಾ ಇರುತ್ತದೆ, ಪಕ್ಕದಲ್ಲಿ ಬರೀ ಓಟದವರು, ರಿಲೇ ತಂಡದವರು ಇರುತ್ತಾರೆ. ರಿಲೇಯವರ ಹಿಂದೆ ಹೋಗಲೇಬೇಡಿ, ಅವರು 5 ಕಿ.ಮೀ. ಮುಗಿಸಿ ಚಿಪ್ ಕೊಟ್ಟು ಕೂತುಬಿಡುತ್ತಾರೆ. ಮೊದಲ ಕಿ.ಮೀ.ಗೆ 5:15ರ ಒಳಗೆ ಬರಬಾರದು ಅಂತ ವಾಚ್‌ನಲ್ಲಿ ಅಲರ್ಟ್ ಇಡಿ. 3ನೇ ಕಿ.ಮೀ. ಮುಗಿದಾಗ ಮೂರು-ನಾಲ್ಕು ಪದ ಒಟ್ಟಿಗೆ ಹೇಳಲು ಆಗಬೇಕು. ಒಂದೊಂದೇ ಪದ ಬರುತ್ತಿದ್ದರೆ ಆಗಲೇ ಮಿತಿ ದಾಟಿದ್ದೀರಿ.

ಎದುರುಗಾಳಿ:
ಸೈಕಲ್ ಭಾಗ ನಾನು ಬರೀತೀನಿ.

220ರ ಎಫ್‌ಟಿಪಿಗೆ ಶೇ. 90–93, ಅಂದರೆ 198–205 ವ್ಯಾಟ್. ಬರೀ 20 ಕಿ.ಮೀ. ಟೈಮ್ ಟ್ರಯಲ್ ಆಗಿದ್ದರೆ ಇದಕ್ಕಿಂತ ಜಾಸ್ತಿ ಹೊಡೀಬಹುದಿತ್ತು. ಮುಂದೆ ಹಿಂದೆ ಓಟ ಇರುವುದರಿಂದ ಅಷ್ಟಕ್ಕೆ ನಿಲ್ಲಿಸಿ. ಏರು ಬಂದಾಗ 230ರ ಮೇಲೆ ಹೋಗದಿರುವುದು ಕ್ಷೇಮ. ಒಂದು ನಿಮಿಷ 280 ಹೊಡೆದು ತುದಿ ಮುಟ್ಟಿದ ಮೇಲೆ ಪೆಡಲ್ ಬಿಟ್ಟು ಉಸಿರು ಎಳೆದುಕೊಂಡರೆ ಸರಾಸರಿ ಚೆನ್ನಾಗಿಯೇ ಕಾಣುತ್ತೆ, ಬಿಲ್ ಬರುವುದು ಟಿ2 ಆದಮೇಲೆ. ಏರಿನ ತುದಿ ದಾಟಿ 10–15 ಸೆಕೆಂಡ್ ಅದೇ ಒತ್ತಡ ಇಟ್ಟುಕೊಳ್ಳಿ, ವೇಗ ಬಂದ ಮೇಲೆ ಇಳಿಸಿ. ಸಮಯ ಸಿಗುವುದು ಅಲ್ಲಿ.

ಮೊದಲ 3 ನಿಮಿಷ ಬೇರೆಯೇ ಲೆಕ್ಕ. ಓಟದಿಂದ ಬಂದ ಹಾರ್ಟ್ ರೇಟ್ ಮೇಲೇ ಇರುತ್ತದೆ, ಅದನ್ನು ನೋಡಿ ಹೆದರಬೇಡಿ, ಅದನ್ನೇ ನಂಬಿ ಪೇಸ್ ನಿರ್ಧರಿಸಲೂಬೇಡಿ. 175–185 ವ್ಯಾಟ್, ಕ್ಯಾಡೆನ್ಸ್ (ನಿಮಿಷಕ್ಕೆ ಪೆಡಲ್ ತಿರುಗುವ ಸುತ್ತು) 90ರ ಆಸುಪಾಸು, ಕೈ ಬ್ರೇಕ್ ಹುಡ್ ಮೇಲೆ. ಓಡಿ ಬಂದ ಕೂಡಲೇ ಬಗ್ಗಿ ಏರೋ ಬಾರ್ ಹಿಡಿದರೆ ಹೊಟ್ಟೆ ಒತ್ತಿ ಉಸಿರು ಸಿಗುವುದಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ತಗ್ಗಿ.

ಪವರ್ ಮೀಟರ್ ಇಲ್ಲದವರಿಗೆ: 10ಕ್ಕೆ 8ರ ಶ್ರಮ, ಮೊದಲ 3 ನಿಮಿಷ 7. ಗಾಳಿ ಎದುರಿದ್ದಾಗ ವೇಗ ನೋಡಬೇಡಿ.

ಕೊನೆಯ ಕಿ.ಮೀ.ನಲ್ಲಿ ಒಂದು ಗೇರ್ ಹಗುರ ಮಾಡಿ ಕ್ಯಾಡೆನ್ಸ್ 95ಕ್ಕೆ ತನ್ನಿ. ಒಂದೆರಡು ಸಲ ಎದ್ದು ನಿಂತು ಸೊಂಟ, ಮೀನಖಂಡ ಎಳೆದುಕೊಳ್ಳಿ. ಇದರಿಂದ ಹೋಗುವುದು 5 ಸೆಕೆಂಡ್ ಇರಬಹುದು.

ಬೆಳಗಿನ_ಓಟ:
ಟ್ರಯಾಥ್ಲಾನ್‌ನ ಸೈಕಲ್‌ಗಿಂತ ಡುಯಾಥ್ಲಾನ್‌ನ ಸೈಕಲ್ ಭಾರ ಅಂತಾರೆ. ದೂರ ಅದೇ ಇದ್ದರೂ ಯಾಕೆ ಹಾಗೆ?

ಮೀನಖಂಡ:
ಈಜಿನಲ್ಲಿ ಕೆಲಸದ ದೊಡ್ಡ ಪಾಲು ಭುಜ, ಬೆನ್ನಿನದು. ನೀರು ಮೈಭಾರ ಹೊರುತ್ತದೆ. ಕಾಲು ಬಹುಮಟ್ಟಿಗೆ ತಾಜಾ ಇದ್ದು ಸೈಕಲ್ ಹತ್ತುತ್ತೀರಿ. ಡುಯಾಥ್ಲಾನ್‌ನಲ್ಲಿ 5 ಕಿ.ಮೀ. ಓಡಿದ ತೊಡೆಯೇ ಪೆಡಲ್ ತುಳಿಯಬೇಕು. ಓಟದ ಪ್ರತಿ ಹೆಜ್ಜೆಯಲ್ಲೂ ಪಾದ ನೆಲಕ್ಕೆ ಬಿದ್ದಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುತ್ತದೆ. ಸ್ನಾಯುವಿಗೆ ಹೆಚ್ಚು ಪೆಟ್ಟು ಬೀಳುವುದು ಈ ಬಗೆಯ ಕೆಲಸದಲ್ಲೇ. ಪೆಡಲ್ ತುಳಿಯುವಾಗ ಸ್ನಾಯು ಬರೀ ಕುಗ್ಗುತ್ತದೆ, ಅಂಥ ಪೆಟ್ಟು ಇಲ್ಲ. ಹಾಗಾಗಿ ಎರಡನೇ ಓಟದ ಹೊತ್ತಿಗೆ ಕಾಲಿಗೆ ಎರಡು ಬಗೆಯ ದಣಿವು ಕೂಡಿರುತ್ತದೆ. ಚೇತರಿಕೆಗೂ ಇದೇ ಕಾರಣಕ್ಕೆ ಹೆಚ್ಚು ದಿನ ಬೇಕು. ಸ್ನಾಯು ನೋವು ಜೋರಾಗುವುದು ಮರುದಿನದಿಂದ ಮೂರನೇ ದಿನದೊಳಗೆ. ಸೋಮವಾರ ಚೆನ್ನಾಗಿದೆ ಅಂತ ಮಂಗಳವಾರ ಇಂಟರ್ವಲ್ ಮಾಡುವವರು ಸಿಕ್ಕಿಬೀಳುವುದು ಇಲ್ಲೇ.

ಇನ್ನೊಂದು ಕಷ್ಟ, ಟಿ1ರಲ್ಲಿ ಬಗ್ಗಿ ಶೂ ಎಳೆದುಕೊಳ್ಳುವಾಗ ಮೀನಖಂಡ ಹಿಡಿದುಕೊಳ್ಳುವುದು. ಜೋರಾಗಿ ಓಡಿ ನಿಂತ ಕೂಡಲೇ ಬೆರಳು ಚೂಪಾಗಿ ಮಾಡಿ ಬಿಗಿ ಶೂಗೆ ಪಾದ ತುರುಕಿದರೆ ಕುಗ್ಗಿದ ಸ್ನಾಯು ಇನ್ನೂ ಕುಗ್ಗುತ್ತದೆ. ಶೂಗಳ ಪಟ್ಟಿ ಪೂರ್ತಿ ಬಿಚ್ಚಿ ಬಾಯಿ ಅಗಲಿಸಿ ಇಟ್ಟಿರಬೇಕು. ಹಿಮ್ಮಡಿ ಹಿಂದೆ ಎಳೆಯಲು ಕುಣಿಕೆ ಇದ್ದರೆ ಬೆರಳು ಚೂಪು ಮಾಡುವ ಅಗತ್ಯವೇ ಬರುವುದಿಲ್ಲ.

ಹಿಮ್ಮಡಿಯ ಸ್ನಾಯುರಜ್ಜಿನಲ್ಲಿ (ಅಕಿಲೀಸ್) ಬೆಳಿಗ್ಗೆ ಎದ್ದಾಗ ಬಿಗಿತ ಇದ್ದರೆ ಈ ರೇಸ್ ಬೇಡ. ಎರಡು ಜೋರು ಓಟ, ಮಧ್ಯೆ ಪೆಡಲ್. ಅದು ಚೇತರಿಸಿಕೊಳ್ಳಲು ಜಾಗವೇ ಇಲ್ಲದ ರೇಸ್. ಗುರಿ ರೇಸ್‌ಗೆ 4 ವಾರ ಇರುವಾಗ ಅಷ್ಟು ಬೆಲೆ ತೆರಬಾರದು.

ಮೂರನೇ_ಲ್ಯಾಪ್:
ಶೂ ಪ್ರಶ್ನೆಗೆ ಬರ್ತೀನಿ. ಅಭ್ಯಾಸ ಇದ್ದವರಿಗೆ ಒಂದು ಸಲ ಶೂ ಬದಲಿಸಲು 15–20 ಸೆಕೆಂಡ್. ಎರಡು ಸಲಕ್ಕೆ 30–40. ರನ್ನಿಂಗ್ ಶೂನಲ್ಲೇ ಫ್ಲಾಟ್ ಪೆಡಲ್ ತುಳಿದರೆ ಅಷ್ಟು ಉಳಿಯುತ್ತೆ. ಆದರೆ ಮೆತ್ತಗಿನ ಅಟ್ಟೆ ಬಾಗುತ್ತೆ, ಪಾದ ಜಾರುತ್ತೆ, ಏರಿನಲ್ಲಿ ಎದ್ದು ತುಳಿಯುವುದು ಕಷ್ಟ. ಗಂಟೆಗೆ ಅರ್ಧ ಕಿ.ಮೀ. ಕಳಕೊಂಡರೂ 20 ಕಿ.ಮೀ.ಗೆ 41 ಸೆಕೆಂಡ್ ಹೋಯ್ತು. ಅಂದರೆ ಸರಿಸಮ. ಈಗಾಗಲೇ ಕ್ಲೀಟ್ (ಶೂವನ್ನು ಪೆಡಲ್‌ಗೆ ಸಿಕ್ಕಿಸುವ ತುಂಡು) ಅಭ್ಯಾಸ ಇದ್ದರೆ ಬದಲಿಸಿ, ಇಲ್ಲದಿದ್ದರೆ ಈ ರೇಸ್‌ಗೋಸ್ಕರ ಕೊಳ್ಳಬೇಡಿ. ಸೈಕಲ್ 10 ಕಿ.ಮೀ. ಮಾತ್ರ ಇರುವ ರೇಸ್‌ನಲ್ಲಿ ರನ್ನಿಂಗ್ ಶೂ ಗೆಲ್ಲುತ್ತೆ. ಬೆಳಗಿನ_ಓಟ ಅವರಿಗೆ ಗುರಿ ಟ್ರಯಾಥ್ಲಾನ್ ಆದ್ದರಿಂದ ಅಲ್ಲಿ ಏನು ಮಾಡ್ತಾರೋ ಅದನ್ನೇ ಇಲ್ಲಿ ಮಾಡಬೇಕು. ಲೆಕ್ಕ ಬೇಕಾಗಿಯೇ ಇಲ್ಲ.

ಗೇರುಪೆಟ್ಟಿಗೆ:
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಶೂಗಳನ್ನು ಪೆಡಲ್‌ಗೆ ಮೊದಲೇ ಕ್ಲಿಪ್ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಅಡ್ಡ ನಿಲ್ಲಿಸಿ, ಬರಿಗಾಲಲ್ಲಿ ಓಡಿ ಹಾರಿ ಕೂರುವುದನ್ನು ಮಾತ್ರ ಈ ರೇಸ್‌ನಲ್ಲಿ ಮೊದಲ ಸಲ ಪ್ರಯತ್ನಿಸಬೇಡಿ. ಖಾಲಿ ಮೈದಾನದಲ್ಲಿ ಹತ್ತಕ್ಕೆ ಹತ್ತು ಸಲ ಸರಿಬಂದ ಮೇಲೆ ಯೋಚಿಸಿ.

ಮೂರನೇ_ಲ್ಯಾಪ್:
ಟಿ1ರ ಕ್ರಮ ಬರೆದುಬಿಡ್ತೀನಿ, ಇಲ್ಲಿ ಶಿಕ್ಷೆ ತಿನ್ನುವವರೇ ಜಾಸ್ತಿ.

ರ‍್ಯಾಕ್‌ಗೆ ಓಡಿಬರುವಾಗಲೇ ನಂಬರ್ ಬೆಲ್ಟ್ ಬೆನ್ನಿಗೆ ತಿರುಗಿಸಿ. ಓಟದಲ್ಲಿ ನಂಬರ್ ಮುಂದೆ, ಸೈಕಲ್‌ನಲ್ಲಿ ಹಿಂದೆ. ರ‍್ಯಾಕ್ ಮುಟ್ಟಿದ ಮೇಲೆ ಮೊದಲ ಕೆಲಸ ಹೆಲ್ಮೆಟ್: ತಲೆಗೆ ಹಾಕಿ, ಗದ್ದದ ಬಕಲ್ ‘ಟಕ್’ ಅನ್ನಬೇಕು. ಆಮೇಲೆ ಶೂ. ಆಮೇಲೆ ಸೈಕಲ್. ಬಕಲ್ ಹಾಕದೆ ಸೈಕಲ್ ರ‍್ಯಾಕ್‌ನಿಂದ ತೆಗೆಯುವಂತಿಲ್ಲ, ವರ್ಲ್ಡ್ ಟ್ರಯಾಥ್ಲಾನ್ ನಿಯಮ ಅನುಸರಿಸುವ ಎಲ್ಲ ರೇಸ್‌ಗಳಲ್ಲೂ ಇದೇ. ಟಿ2ರಲ್ಲಿ ತಿರುವುಮುರುವು: ಸೈಕಲ್ ರ‍್ಯಾಕ್‌ನಲ್ಲಿ ನಿಂತ ಮೇಲೆಯೇ ಬಕಲ್‌ಗೆ ಕೈ. ಓಡುತ್ತ ಬರುವಾಗ ಬಿಚ್ಚಿದರೆ ಶಿಕ್ಷೆ. ಕೈ ತಂತಾನೇ ಹೋಗುತ್ತೆ, ಅದಕ್ಕೇ ಅಭ್ಯಾಸ ಬೇಕು.

ಮೌಂಟ್ ಲೈನ್ ದಾಟಿದ ಮೇಲೆ ಒಂದು ಪಾದ ನೆಲ ಮುಟ್ಟಿಯೇ ಹತ್ತಬೇಕು. ಇಳಿಯುವಾಗ ಡಿಸ್‌ಮೌಂಟ್ ಲೈನ್‌ಗೆ ಮೊದಲೇ ಒಂದು ಪಾದ ನೆಲ ಮುಟ್ಟಬೇಕು. ಗೆರೆಯಿಂದ ನಾಲ್ಕು ಹೆಜ್ಜೆ ಮುಂದೆ, ಒಂದು ಬದಿಗೆ ಹೋಗಿ ಹತ್ತಿ. ಗೆರೆಯ ಮೇಲೇ ನಿಂತು ಕ್ಲೀಟ್ ಹುಡುಕುವವರಿಗೆ ಹಿಂದಿನವರು ಗುದ್ದುತ್ತಾರೆ.

ಸೈಕಲ್ ತಳ್ಳುವಾಗ ಹ್ಯಾಂಡಲ್ ಬೇಡ, ಒಂದೇ ಕೈಯಲ್ಲಿ ಸೀಟು ಹಿಡಿದು ಓಡಿ. ಪೆಡಲ್ ಮೊಣಕಾಲಿಗೆ ಬಡಿಯುವುದಿಲ್ಲ. ಸೀಟನ್ನು ಬಲಕ್ಕೆ ವಾಲಿಸಿದರೆ ಸೈಕಲ್ ಬಲಕ್ಕೆ ತಿರುಗುತ್ತೆ. ಐದು ನಿಮಿಷ ಮಾಡಿದರೆ ಬಂದುಬಿಡುತ್ತೆ.

ಡ್ರಾಫ್ಟಿಂಗ್ ಇಲ್ಲದ ರೇಸ್ ಅಂದಿರಿ. ಸ್ಟ್ಯಾಂಡರ್ಡ್ (ಒಲಿಂಪಿಕ್) ಮತ್ತು ಅದಕ್ಕಿಂತ ಚಿಕ್ಕ ದೂರಕ್ಕೆ ಸಾಮಾನ್ಯ ನಿಯಮ 10 ಮೀಟರ್ ಅಂತರ, ದಾಟಲು 20 ಸೆಕೆಂಡ್. ಒಳಗೆ ಹೋದರೆ ದಾಟಿಯೇ ಬಿಡಬೇಕು. ದಾಟಿಸಿಕೊಂಡವರು ಹಿಂದೆ ಸರಿಯಬೇಕು, ಇದು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಸಣ್ಣ ರೇಸ್‌ಗಳಲ್ಲಿ ಅಂತರ ಬೇರೆ ಇಟ್ಟಿರಬಹುದು, ಬ್ರೀಫಿಂಗ್‌ಗೆ ಹೋಗಿ ಕೇಳಿಕೊಳ್ಳಿ. ಲ್ಯಾಪ್ ಎಣಿಸುವುದೂ ನಿಮ್ಮದೇ ಜವಾಬ್ದಾರಿ. ಸ್ವಯಂಸೇವಕರು ‘ಇನ್ನೊಂದು’ ಅಂದರು ಅಂತ ಹೋದರೆ ದೂರು ಕೊಡಲು ಬರುವುದಿಲ್ಲ.

ಸ್ಪೋಕ್_ಕೀಲಿ:
ಸೈಕಲ್ ಚೆಕ್ ಬಗ್ಗೆ ಯಾರೂ ಬರೆದಿಲ್ಲ.

ಹಿಂದಿನ ದಿನ: ಚೈನ್ ಒರೆಸಿ ಎಣ್ಣೆ, ಮಿಕ್ಕ ಎಣ್ಣೆ ಮತ್ತೆ ಒರೆಸಿ. ಟೈರ್ ಮೇಲೆ ಬೆರಳಾಡಿಸಿ ಗಾಜಿನ ಚೂರು, ತಂತಿ ನೋಡಿ. ಟೈರ್ ಅಂಚಲ್ಲಿ ಸೀಳು ಇದ್ದರೆ ಬದಲಿಸಿ, ಅದು 20 ಕಿ.ಮೀ. ತಡೆಯುತ್ತೆ ಅಂತ ಜೂಜಾಡಬೇಡಿ. ಗೇರ್ ಎಲ್ಲಾ ಮೇಲೆ ಕೆಳಗೆ ಹಾಕಿ ನೋಡಿ. ಎಲೆಕ್ಟ್ರಾನಿಕ್ ಶಿಫ್ಟಿಂಗ್ ಇದ್ದರೆ ಚಾರ್ಜ್. ಹ್ಯಾಂಡಲ್‌ನ ಎರಡೂ ತುದಿಗೆ ಬಿರಡೆ (ಬಾರ್ ಎಂಡ್ ಪ್ಲಗ್) ಇರಲೇಬೇಕು. ತೆರೆದ ಕೊಳವೆ ಇದ್ದರೆ ಚೆಕ್-ಇನ್‌ನಲ್ಲೇ ವಾಪಸ್ ಕಳಿಸುತ್ತಾರೆ. ಬಿದ್ದಾಗ ಆ ಕೊಳವೆ ಹೊಟ್ಟೆಗೆ ಚುಚ್ಚುತ್ತೆ, ಕಾರಣ ಅದು.

ಬೆಳಿಗ್ಗೆ: ಕಾರಿನಲ್ಲಿ ತಂದಿದ್ದರೆ ಚಕ್ರ ಎತ್ತಿ ತಿರುಗಿಸಿ. ಕ್ವಿಕ್ ರಿಲೀಸ್ ಅರ್ಧ ಕೂತಿರುತ್ತೆ ಅಥವಾ ಬ್ರೇಕ್ ಉಜ್ಜುತ್ತಿರುತ್ತೆ. ಡಿಸ್ಕ್ ಬ್ರೇಕ್ ಇದ್ದು ಚಕ್ರ ಬಿಚ್ಚಿ ತಂದಿದ್ದರೆ ದಾರಿಯಲ್ಲಿ ಲಿವರ್ ಒತ್ತಿಹೋಗಿ ಪ್ಯಾಡ್ ಮುಚ್ಚಿಕೊಂಡಿರಬಹುದು. ಪ್ಯಾಡ್ ಮಧ್ಯೆ ಸ್ಪೇಸರ್ ಇಟ್ಟೇ ತನ್ನಿ. ಪವರ್ ಮೀಟರ್ ಝೀರೋ ಮಾಡುವುದು ಸೈಕಲ್ ಹೊರಗಿನ ತಾಪಕ್ಕೆ ಬಂದ ಮೇಲೆ, ಕಾರಿಂದ ಇಳಿಸಿದ ಕೂಡಲೇ ಅಲ್ಲ.

ಗಾಳಿ: 70 ಕೆ.ಜಿ.ಗೆ 25 ಮಿ.ಮೀ. ಟೈರಾದರೆ ಹಿಂದೆ ಸುಮಾರು 80–85 ಪಿಎಸ್ಐ, ಮುಂದೆ 5 ಕಡಿಮೆ. 28 ಮಿ.ಮೀ. ಆದರೆ 65–75. ಹುಕ್‌ಲೆಸ್ ರಿಮ್ (ಅಂಚಿನಲ್ಲಿ ಟೈರ್ ಹಿಡಿಯುವ ಕೊಕ್ಕೆ ಇಲ್ಲದ್ದು) ಇದ್ದರೆ 72.5 ಪಿಎಸ್ಐ (5 ಬಾರ್) ದಾಟುವಂತೆಯೇ ಇಲ್ಲ. ತಯಾರಕರು ಇನ್ನೂ ಕಡಿಮೆ ಬರೆದಿದ್ದರೆ ಅದೇ ಮಿತಿ. 20 ಡಿಗ್ರಿ ತಂಪಿನಲ್ಲಿ 80 ತುಂಬಿ ಸೈಕಲ್ ಬಿಸಿಲಲ್ಲಿ ನಿಂತು ಟೈರ್ 45 ಡಿಗ್ರಿಗೆ ಬಂದರೆ ಒತ್ತಡ 88ರ ಹತ್ತಿರ ಹೋಗುತ್ತೆ. ಮಿತಿಯ ತುದಿಗೆ ತುಂಬುವವರು ಇದನ್ನು ಲೆಕ್ಕಕ್ಕೆ ಹಿಡಿಯಲಿ.

ಗೇರ್: ರ‍್ಯಾಕ್‌ನಲ್ಲಿ ಇಡುವಾಗಲೇ ಹೊರಡುವ ಗೇರ್‌ಗೆ ಹಾಕಿ. ಹೊರಗಿನ ರಸ್ತೆ ಮಟ್ಟ ಇದ್ದರೆ ದೊಡ್ಡ ಚೈನ್‌ರಿಂಗ್, ಹಿಂದೆ 19 ಅಥವಾ 21 ಹಲ್ಲು. ಏರು ಇದ್ದರೆ ಚಿಕ್ಕ ಚೈನ್‌ರಿಂಗ್. ಹತ್ತಿದ ಮೇಲೆ ಭಾರದ ಗೇರ್‌ನಲ್ಲಿ ಸಿಕ್ಕಿ, ಒತ್ತಡದಲ್ಲೇ ಮುಂದಿನ ಶಿಫ್ಟರ್ ಒತ್ತಿದರೆ ಚೈನ್ ಬೀಳುತ್ತೆ. ಬಿದ್ದರೆ ಇಳಿಯುವ ಮೊದಲು ಹಗುರಾಗಿ ತುಳಿಯುತ್ತ ದೊಡ್ಡ ರಿಂಗ್‌ಗೆ ಶಿಫ್ಟ್ ಮಾಡಿ ನೋಡಿ, ಒಳಗೆ ಬಿದ್ದ ಚೈನ್ ಎಷ್ಟೋ ಸಲ ತಾನೇ ಏರಿಕೊಳ್ಳುತ್ತೆ.

ಬೆಳಗಿನ_ಓಟ:
ಬಹಳ ಉಪಯೋಗ ಆಯ್ತು. ವಾರದ ಲೆಕ್ಕ ಇನ್ನೂ ಬಾಕಿ. ರೇಸ್ ಭಾನುವಾರ.

ನಿಧಾನ_ಕಿಮೀ:
ಈ ರೇಸ್ ನಿಮ್ಮ ವಾರದ ಎರಡು ಕಠಿಣ ತಾಲೀಮುಗಳ ಜಾಗ ತೆಗೆದುಕೊಳ್ಳುತ್ತದೆ: ಓಟದ ಥ್ರೆಶೋಲ್ಡ್, ಸೈಕಲ್‌ನ ಇಂಟರ್ವಲ್. ಸಾಮಾನ್ಯ ತಪ್ಪು ಏನೆಂದರೆ ಆ ಎರಡನ್ನೂ ಮಂಗಳವಾರ, ಗುರುವಾರ ಮುಗಿಸಿ, ರೇಸನ್ನು ಮೇಲೆ ಹೇರುವುದು. ಅಲ್ಲಿಗೆ ಮುಂದಿನ ವಾರ ಪೂರ್ತಿ ಹೋಯಿತು.

ಸೋಮವಾರ ಈಜು. ಮಂಗಳವಾರ ಓಟ 40 ನಿಮಿಷ, ಒಳಗೆ 5 ಸಲ 2 ನಿಮಿಷ ರೇಸ್ ಪೇಸ್. ಬುಧವಾರ ಸೈಕಲ್ 60 ನಿಮಿಷ, ಒಳಗೆ 3 ಸಲ 5 ನಿಮಿಷ 200 ವ್ಯಾಟ್, ಇಳಿದು 10 ನಿಮಿಷ ಹಗುರ ಓಟ. ಗುರುವಾರ ಈಜು. ಶುಕ್ರವಾರ ರಜೆ. ಶನಿವಾರ ಸೈಕಲ್ 20–25 ನಿಮಿಷ, ಗೇರ್ ಎಲ್ಲಾ ಸರಿ ಇದೆಯೇ ನೋಡಲಿಕ್ಕೆ, ಮತ್ತೆ 10 ನಿಮಿಷ ಓಟ, ಕೊನೆಗೆ 20 ಸೆಕೆಂಡ್‌ನ 4 ವೇಗದ ಓಟ. ಲಾಂಗ್ ರನ್ ಹಿಂದಿನ ಭಾನುವಾರವೇ ಮುಗಿದಿರಬೇಕು. ಜೋರು ಬ್ರಿಕ್ (ಓಟ, ಸೈಕಲ್ ಒಂದರ ಹಿಂದೊಂದು ಮಾಡುವ ತಾಲೀಮು) ಮಾಡುವುದಿದ್ದರೆ ರೇಸ್‌ಗೆ 8–10 ದಿನ ಮೊದಲೇ. 1.5 ಕಿ.ಮೀ. ಓಟ, 5 ಕಿ.ಮೀ. ಸೈಕಲ್, ಇದನ್ನು ಮಧ್ಯೆ ನಿಲ್ಲದೆ 3 ಸಲ. ಐದು ಟ್ರಾನ್ಸಿಷನ್ ಅಭ್ಯಾಸವೂ ಅದರಲ್ಲೇ ಆಗುತ್ತದೆ.

ರೇಸ್ ಆದಮೇಲೆ ಸೋಮವಾರ ಈಜು ಅಥವಾ 30 ನಿಮಿಷ ತೀರಾ ಹಗುರ ಸೈಕಲ್. ಮಂಗಳವಾರ ಓಟ ಇಲ್ಲ. ಬುಧವಾರ 30 ನಿಮಿಷ ಹಗುರ ಓಟ. ಮೆಟ್ಟಿಲು ಇಳಿಯುವಾಗ ತೊಡೆ ನೋಯದಿದ್ದರೆ ಗುರುವಾರದಿಂದ ಮಾಮೂಲು.

ಎದುರುಗಾಳಿ:
ಒಂದು ಸೇರಿಸ್ತೀನಿ. ಗುರಿ ಒಲಿಂಪಿಕ್ ದೂರ ಆದ್ದರಿಂದ 1 ಗಂಟೆ 20 ನಿಮಿಷದ ರೇಸ್‌ನಿಂದ ಆ ಭಾನುವಾರದ ತಾಲೀಮಿನ ಪ್ರಮಾಣ ಕಮ್ಮಿಯಾಗುತ್ತೆ. ಮುಗಿಸಿ ಅರ್ಧ ಗಂಟೆ ಬಿಟ್ಟು, ತಿಂದು ಕುಡಿದು, 60–75 ನಿಮಿಷ 120–130 ವ್ಯಾಟ್‌ನಲ್ಲಿ ಸೈಕಲ್ ಹೊಡೀಬಹುದು. ದಣಿದ ಕಾಲಿನ ಮೇಲೆ ಹಗುರ ಸೈಕಲ್‌ನಿಂದ ಏರೋಬಿಕ್ ಲಾಭ ಇದೆ, ಪೆಟ್ಟು ಇಲ್ಲ.

ಮೀನಖಂಡ:
ಇದನ್ನು ನಾನು ಒಪ್ಪುವುದಿಲ್ಲ. ಪೆಟ್ಟು ಇಲ್ಲ ಅನ್ನುವುದು ಸರಿ, ಆದರೆ ಕಾಲಿನ ಗ್ಲೈಕೊಜೆನ್ (ಸ್ನಾಯುವಿನಲ್ಲಿ ಕೂಡಿಟ್ಟ ಇಂಧನ) ಬಹಳಷ್ಟು ಖಾಲಿಯಾಗಿರುತ್ತದೆ. ಮೇಲೆ ಇನ್ನೊಂದು ಗಂಟೆ ಹಾಕಿದರೆ ಬುಧವಾರದ ತನಕ ಕಾಲು ಸೀಸ. ವಾರಕ್ಕೆ 10 ಗಂಟೆಗೂ ಹೆಚ್ಚು ತಾಲೀಮು ಮಾಡಿ ರೂಢಿ ಇರುವವರಿಗೆ ಸರಿ. 6–7 ಗಂಟೆಯವರಿಗೆ 15 ನಿಮಿಷ ಕೂಲ್‌ಡೌನ್ ಸಾಕು.

ಎದುರುಗಾಳಿ:
ಸರಿ, ಆ ಗಡಿ ಒಪ್ಪಿದೆ. ಆದರೂ ರಸ್ತೆಯ ಏರು ಬಿಟ್ಟು ಮಟ್ಟದ ದಾರಿಯಲ್ಲಿ 40 ನಿಮಿಷ ಹೊಡೆದರೆ ಯಾರಿಗೂ ಏನೂ ಆಗಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹೊಸ_ಪೆಡಲ್:
ಊಟ, ನೀರಿನ ಬಗ್ಗೆ ಹೇಳಿ. ಇಷ್ಟು ಚಿಕ್ಕ ರೇಸ್‌ಗೆ ಜೆಲ್ ಬೇಕಾ?

ನಿಧಾನ_ಕಿಮೀ:
80 ನಿಮಿಷಕ್ಕೆ ದೇಹದಲ್ಲಿರುವುದೇ ಬಹುಪಾಲು ಸಾಕಾಗುತ್ತದೆ. ಆದರೆ ಗುರಿ ರೇಸ್‌ನಲ್ಲಿ ತಿನ್ನಬೇಕಾಗಿರುವುದರಿಂದ ಇಲ್ಲಿ ಅಭ್ಯಾಸ ಮಾಡಿ. ಮೂರು ಗಂಟೆ ಮೊದಲು ಕೆ.ಜಿ. ತೂಕಕ್ಕೆ 1.5–2 ಗ್ರಾಂ ಕಾರ್ಬೊಹೈಡ್ರೇಟ್, ನಾರು ಮತ್ತು ಕೊಬ್ಬು ಕಡಿಮೆ. 70 ಕೆ.ಜಿ.ಗೆ 105–140 ಗ್ರಾಂ. ಗನ್‌ಗೆ 10 ನಿಮಿಷ ಮೊದಲು ಒಂದು ಜೆಲ್ (20–25 ಗ್ರಾಂ) ನೀರಿನ ಜೊತೆ. ಸೈಕಲ್‌ನಲ್ಲಿ 500 ಮಿ.ಲೀ. ಬಾಟಲಿ, ಅದರಲ್ಲಿ 30 ಗ್ರಾಂ. ಹತ್ತಿದ ಕೂಡಲೇ ಗಟಗಟ ಕುಡಿಯಬೇಡಿ, ಉಸಿರು ಹದಕ್ಕೆ ಬರಲಿ. ಐದನೇ ನಿಮಿಷದಿಂದ ಶುರು ಮಾಡಿ ಎರಡೆರಡು ಗುಟುಕು, ಟಿ2ಗೆ 8–10 ನಿಮಿಷ ಮೊದಲೇ ಮುಗಿಸಿ. ಕೊನೆಯಲ್ಲಿ ಕುಡಿದದ್ದು ಎರಡನೇ ಓಟದಲ್ಲಿ ಹೊಟ್ಟೆಯಲ್ಲಿ ಕುಲುಕುತ್ತದೆ, ಪಕ್ಕೆ ಹಿಡಿಯುತ್ತದೆ.

ಹೊಸ_ಪೆಡಲ್:
ಎರಡನೇ ಓಟದಲ್ಲಿ ಕಾಲು ಮರದ ತುಂಡಿನಂತೆ ಇರುತ್ತೆ ಅಂತಾರಲ್ಲ, ಅದು ಎಷ್ಟು ಹೊತ್ತು?

ಮೂರನೇ_ಲ್ಯಾಪ್:
ಸಾಮಾನ್ಯವಾಗಿ 500 ಮೀಟರ್‌ನಿಂದ 1 ಕಿ.ಮೀ. ಅಷ್ಟರಲ್ಲಿ 2.5 ಕಿ.ಮೀ.ನ ಶೇ. 20ರಿಂದ 40 ಮುಗಿದಿರುತ್ತೆ, ಅದಕ್ಕೇ ಬ್ರಿಕ್ ಬೇಕು. ಇನ್ನೊಂದು ಮೋಸ: ಗಂಟೆಗೆ 30 ಕಿ.ಮೀ.ನಲ್ಲಿ ಬಂದ ಕಣ್ಣಿಗೆ 12 ಕಿ.ಮೀ. ವೇಗ ತೆವಳಿದಂತೆ ಅನಿಸುತ್ತೆ. ಕಾಲೂ 90ರ ಕ್ಯಾಡೆನ್ಸ್‌ನಲ್ಲೇ ತಿರುಗುತ್ತಿರುತ್ತೆ. ‘ನಿಧಾನ ಆಗ್ತಿದೀನಿ’ ಅಂತ ಒದ್ದಾಡ್ತಾ ವಾಚ್ ನೋಡಿದರೆ 4:50 ಇರುತ್ತೆ, ಎರಡನೇ ಕಿ.ಮೀ. 5:45. ಮೊದಲ 400 ಮೀಟರ್ ಹೆಜ್ಜೆ ಚಿಕ್ಕದು, ನಿಮಿಷಕ್ಕೆ 175ರ ಸುತ್ತ, ಕೈ ಸಡಿಲ, ಪೇಸ್ 5:20. ಕೊನೆಯ ಒಂದೂವರೆ ಕಿ.ಮೀ.ನಲ್ಲಿ ಏನಿದ್ದರೂ ಖರ್ಚು ಮಾಡಿ.

ವಾಚ್ ಅಂದ ಕೂಡಲೇ ನೆನಪಾಯ್ತು: ಮಲ್ಟಿಸ್ಪೋರ್ಟ್ ಮೋಡ್‌ನಲ್ಲಿ ಕ್ರಮ ‘ಓಟ, ಟಿ1, ಸೈಕಲ್, ಟಿ2, ಓಟ’ ಅಂತ ಮನೆಯಲ್ಲೇ ಜೋಡಿಸಿ. ಆಟೊ-ಪಾಸ್ ಆಫ್ ಮಾಡಿ. ಐದು ಭಾಗಕ್ಕೆ ಮಧ್ಯೆ ನಾಲ್ಕು ಸಲ ಲ್ಯಾಪ್ ಬಟನ್, ಮುಗಿದಾಗ ಸ್ಟಾಪ್. ಒಂದು ಸಲ ಮರೆತರೆ ಟಿ1 ಸಮಯ ಸೈಕಲ್‌ಗೆ ಸೇರಿ ಸರಾಸರಿ ಕೆಡುತ್ತೆ, ಆಮೇಲೆ ವಿಶ್ಲೇಷಣೆ ಕಷ್ಟ.

ಬೆಳಗಿನ_ಓಟ:
ಆ ವಿಶ್ಲೇಷಣೆ ಹೇಗೆ? ಎರಡನೇ ಓಟ ಕುಸಿದರೆ ತಪ್ಪು ಮೊದಲ ಓಟದ್ದೋ ಸೈಕಲ್‌ದೋ ಹೇಗೆ ಗೊತ್ತಾಗುತ್ತದೆ?

ಗೇರುಪೆಟ್ಟಿಗೆ:
ಈ ಚರ್ಚೆಯಲ್ಲಿ ಅತಿ ಮುಖ್ಯ ಪ್ರಶ್ನೆ ಇದೇ. ತಾಲೀಮು ರೇಸ್‌ನ ಅರ್ಧ ಬೆಲೆ ಫೈಲ್ ತೆರೆದು ನೋಡುವುದರಲ್ಲಿದೆ.

ಮೊದಲು ಎರಡು ಓಟದ ಪೇಸ್ ಹೋಲಿಸಿ. 5:12 ಮತ್ತು 5:25 ಅಂದರೆ ವ್ಯತ್ಯಾಸ ಶೇ. 4, ಚೆನ್ನಾಗಿದೆ. ಸ್ಪ್ರಿಂಟ್ ದೂರಕ್ಕೆ ಶೇ. 5ರ ಆಸುಪಾಸು ಸಹಜ. ಶೇ. 10 ದಾಟಿದರೆ (5:12ಕ್ಕೆ ಎದುರು 5:43ಕ್ಕಿಂತ ನಿಧಾನ) ಎಲ್ಲೋ ಹೆಚ್ಚು ಖರ್ಚಾಗಿದೆ.

ಈಗ ಸೈಕಲ್ ಫೈಲನ್ನು ಎರಡು ಹೋಳು ಮಾಡಿ. ಮೊದಲ 10 ಕಿ.ಮೀ. 200 ವ್ಯಾಟ್, ಎರಡನೇ 10 ಕಿ.ಮೀ. 183 ಇದ್ದು, ಮೊದಲ 5 ನಿಮಿಷದಲ್ಲೇ ತೊಡೆ ಉರಿದಿದ್ದರೆ ತಪ್ಪು ಮೊದಲ ಓಟದ್ದು. ಓಟದ ಕಿ.ಮೀ. ಸ್ಪ್ಲಿಟ್ ನೋಡಿ, ಮೊದಲನೆಯದು 4:50 ಇರುತ್ತದೆ, ಬಹುತೇಕ ಗ್ಯಾರಂಟಿ. ಸೈಕಲ್ ಪೂರ್ತಿ 212 ಸಮನಾಗಿದ್ದು ಓಟ ಮಾತ್ರ ಕುಸಿದಿದ್ದರೆ ತಪ್ಪು ಸೈಕಲ್‌ದು, ಶೇ. 96 ನಿಮಗೆ ಜಾಸ್ತಿಯಾಯಿತು. ಸರಾಸರಿ 200 ಇದ್ದು 260ರ ಮೇಲೆ ಹಲವು ಮೊನೆಗಳಿದ್ದರೆ ಏರಿನಲ್ಲಿ, ಓವರ್‌ಟೇಕ್‌ನಲ್ಲಿ ಸುಟ್ಟಿದ್ದೀರಿ. ಪವರ್ ಸರಿ, ಓಟದ ಸ್ಪ್ಲಿಟ್ ಸರಿ, ಆದರೂ ಮೂರೂ ಭಾಗದಲ್ಲಿ ಹಾರ್ಟ್ ರೇಟ್ ಎಂದಿಗಿಂತ 8–10 ಹೆಚ್ಚಿದ್ದರೆ ಬಿಸಿಲು, ನಿದ್ದೆ, ಅಥವಾ ವಾರದ ದಣಿವು. ಹಾರ್ಟ್ ರೇಟ್ ಏರಲೇ ಇಲ್ಲ, ಕಾಲು ಖಾಲಿ ಅನ್ನಿಸಿತು ಅಂದರೂ ದಣಿವೇ. ಆಗ ಟ್ರಯಾಥ್ಲಾನ್‌ಗೆ ಮೊದಲಿನ ಟೇಪರ್ ಒಂದೆರಡು ದಿನ ಬೇಗ ಶುರು ಮಾಡಿ.

ಟಿ1, ಟಿ2ನ ಅಧಿಕೃತ ಸಮಯವನ್ನು ನಿಮ್ಮ ಗುಂಪಿನ ಮಧ್ಯದವರ ಜೊತೆ ಹೋಲಿಸಿ. ಟ್ರಾನ್ಸಿಷನ್ ಒಳಗೆ ಓಡುವ ದೂರ ಎಲ್ಲರಿಗೂ ಒಂದೇ ಆದ್ದರಿಂದ ವ್ಯತ್ಯಾಸ ಪೂರ್ತಿ ಕೈಚಳಕದ್ದು. 40 ಸೆಕೆಂಡ್ ಅಲ್ಲಿ ಸಿಗುವುದಾದರೆ ಅದಕ್ಕೆ ವ್ಯಾಟ್ ಬೇಡ.

ಹೊಸ_ಪೆಡಲ್:
ರೋಡ್ ಬೈಕ್ ಇಲ್ಲ, ಎಂಟಿಬಿ (ಮೌಂಟನ್ ಬೈಕ್) ಇದೆ. ಸಾಧ್ಯವಾ?

ಸ್ಪೋಕ್_ಕೀಲಿ:
ಧಾರಾಳವಾಗಿ. ಸಣ್ಣ ರೇಸ್‌ಗಳಲ್ಲಿ ಬಹುತೇಕ ಬಿಡುತ್ತಾರೆ, ನೋಂದಣಿ ಪುಟದಲ್ಲಿ ಖಚಿತಪಡಿಸಿಕೊಳ್ಳಿ. ಗುಬುಟಿನ ಟೈರ್ ತೆಗೆದು ನುಣುಪು ಟೈರ್ ಹಾಕುವುದೇ ಅತಿ ದೊಡ್ಡ ಲಾಭ. ಆಗದಿದ್ದರೆ ಟೈರ್ ಬದಿಯಲ್ಲಿ ಬರೆದ ಗರಿಷ್ಠದ ಹತ್ತಿರ ಗಾಳಿ. ಮುಂದಿನ ಸಸ್ಪೆನ್ಷನ್ ಲಾಕ್ ಮಾಡಿ. ಸೀಟು ಎತ್ತರ ಸರಿ ಇದೆಯಾ ನೋಡಿ: ಹಿಮ್ಮಡಿ ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಮೊಣಕಾಲು ನೇರ ಆಗಬೇಕು, ಸೊಂಟ ವಾಲಬಾರದು. ಹ್ಯಾಂಡಲ್‌ಗೆ ಕೊಂಬು (ಬಾರ್ ಎಂಡ್) ಇದ್ದರೆ ಬಿಚ್ಚಿಡಿ, ಬಿರಡೆ ಹಾಕಿ.

ಬೆಳಗಿನ_ಓಟ:
ಆ ದಿನ ಮಳೆ ಸಾಧ್ಯತೆ ತೋರಿಸ್ತಿದೆ. ಏನು ಬದಲಿಸಬೇಕು?

ಸ್ಪೋಕ್_ಕೀಲಿ:
ಟೈರ್ 5–7 ಪಿಎಸ್ಐ ಇಳಿಸಿ. ರಿಮ್ ಬ್ರೇಕ್ ಆದರೆ ಮೊದಲ ಒಂದೆರಡು ಸುತ್ತು ಬರೀ ನೀರು ಒರೆಸುತ್ತೆ, ಆಮೇಲೆ ಹಿಡಿಯುತ್ತೆ, ತಿರುವಿಗೆ ಇನ್ನೂ ಮೊದಲೇ ಒತ್ತಿ. ಬ್ರೇಕ್ ತಿರುವಿಗೆ ಮುಂಚೆ ಮುಗಿಯಲಿ, ವಾಲಿದ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ. ಬಿಳಿ ಗೆರೆ, ಮ್ಯಾನ್‌ಹೋಲ್ ಮುಚ್ಚಳ, ಒಣಗಿದ ಎಣ್ಣೆ ಕಲೆ ಮೇಲೆ ನೇರ ಹೋಗಿ, ತಿರುಗಬೇಡಿ. ರನ್ನಿಂಗ್ ಶೂ, ಒಣ ಸಾಕ್ಸ್ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಮಡಚಿ ಇಡಿ. ಕ್ಲೀಟ್ ಹಾಕಿಕೊಂಡು ಒದ್ದೆ ಕಾಂಕ್ರೀಟ್ ಮೇಲೆ ಓಡಬೇಡಿ, ಟ್ರಾನ್ಸಿಷನ್‌ನಲ್ಲಿ ಅಷ್ಟು ದೂರ ಬೇಗ ನಡೆದರೆ ಸಾಕು.

ಮೂರನೇ_ಲ್ಯಾಪ್:
ಮಳೆ ಜೋರಾದರೆ ಆಯೋಜಕರು ಸೈಕಲ್ ಲ್ಯಾಪ್ ಕಡಿಮೆ ಮಾಡಬಹುದು. ಬ್ರೀಫಿಂಗ್‌ನಲ್ಲಿ ಎಷ್ಟು ಲ್ಯಾಪ್ ಅಂತ ಮತ್ತೊಮ್ಮೆ ಕೇಳಿ, ಟಾಪ್ ಟ್ಯೂಬ್ ಮೇಲೆ ಟೇಪ್ ಅಂಟಿಸಿ ಬರೆದುಕೊಳ್ಳಿ.